ಟೇಪಿನ ತಪ್ಪು ಮತ್ತು ಡ್ರೈವರಿನ ಹೊಣೆ

2011ನೆಯ ಇಸವಿಯ ಫೆಬ್ರವರಿ ಕೊನೆಯಲ್ಲಿ ಜಿಮೇಲ್ ಬಳಸುವ ಕೆಲವರು ತಮ್ಮ ಅಂಚೆಪೆಟ್ಟಿಗೆಗಳು ಬರಿದಾಗಿರುವುದನ್ನು ಕಂಡು ಬೆಚ್ಚಿದರು. ತಂತ್ರಾಂಶದ ದೋಷವೊಂದು ಬೇರೆ ಬೇರೆ ಕಡೆಯಲ್ಲಿದ್ದ ಪ್ರತಿಗಳಿಗೂ ತಗುಲಿತ್ತು. ಆ ಪತ್ರಗಳು ಮರಳಿ ದೊರೆತುದು ಪ್ರತ್ಯೇಕವಾಗಿ ತೆಗೆದಿರಿಸಿದ್ದ ಕಾಂತೀಯ ಟೇಪಿನಿಂದ. ಟೇಪು ಹಳೆಯ ಸಾಧನವೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಆದರೆ ಟೇಪಿಗೆ ಕಳುಹಿಸಿದುದೆಲ್ಲ ಅಲ್ಲಿ ನಿಜವಾಗಿಯೂ ಮೂಡಿದೆಯೆಂದು ಗಣಕಯಂತ್ರಕ್ಕೆ ತಿಳಿಯುವುದೆಂತು?

ಎಲ್‌ಟಿಓ ಎಂಬ ಬಗೆಯ ಎಂಟನೆಯ ತಲೆಮಾರಿನ ಟೇಪನ್ನು ತೆಗೆದುಕೊಳ್ಳೋಣ. ಅರ್ಧ ಅಂಗುಲ ಅಗಲ, 960 ಮೀಟರ್ ಉದ್ದದ ಈ ಪಟ್ಟಿಯಲ್ಲಿ 12 ಟೆರಾಬೈಟ್ ಮಾಹಿತಿ ಅಡಗುತ್ತದೆ. ಇಷ್ಟು ದಟ್ಟವಾದ ಬರಹವನ್ನು ಕೆಡಿಸಲು ಧೂಳಿನ ಕಣವೊಂದೇ ಸಾಕು. ಆದುದರಿಂದ ಡ್ರೈವು ತಾನು ಬರೆದುದನ್ನು ಮತ್ತೊಂದು ಹೆಡ್ಡಿನಿಂದ ಆಗಲೇ ಓದಿ ನೋಡಿ, ತಪ್ಪಿದ್ದರೆ ಆ ಭಾಗವನ್ನು ಮುಂದೆ ಪುನಃ ಬರೆಯುತ್ತದೆ. 1950ರ ದಶಕದ ಐಬಿಎಂ 729 ಯಂತ್ರದಲ್ಲಿಯೇ ಈ ಉಪಾಯವಿತ್ತು. ಡ್ರೈವು ತಾನೇ ತಿದ್ದಿಕೊಂಡ ಇಂತಹ ತಪ್ಪುಗಳನ್ನು ಎಣಿಸಿಟ್ಟರೆ ಸಾಕು. ತಿದ್ದಲಾಗದ ತಪ್ಪು ಒದಗಿದಾಗ, ಡ್ರೈವಿಗೂ ನಮ್ಮ ಕಾರ್ಯಕ್ರಮಕ್ಕೂ ನಡುವೆ ನಿಂತ ಡ್ರೈವರ್ ಎಂಬ ತಂತ್ರಾಂಶಕ್ಕೆ ನಿಜವಾದ ಪರೀಕ್ಷೆ.

‘ಇನ್ನೊಮ್ಮೆ ಬರೆದರಾಯಿತು’ ಎಂದು ವಾಚಕರಿಗೆ ತೋರಬಹುದು. ಡಿಸ್ಕಿಗೆ ಈ ಮಾತು ಒಪ್ಪುತ್ತದೆ. ಅಲ್ಲಿ ಪ್ರತಿಯೊಂದು ಆಜ್ಞೆಯಲ್ಲಿಯೂ ಬರೆಯಬೇಕಾದ ಸ್ಥಳದ ಸಂಖ್ಯೆಯಿರುತ್ತದೆ. ಟೇಪಿಗೆ ಕೊಡುವ ಸಾಮಾನ್ಯ ಆಜ್ಞೆಯಾದರೋ ‘ಈಗಿರುವಲ್ಲಿಂದ ಮುಂದಕ್ಕೆ ಬರೆ’ ಎಂಬಷ್ಟೆ. ‘ಈಗಿರುವಲ್ಲಿ’ ಎಂಬುದು ಎಲ್ಲಿ ಎಂದು ತಿಳಿಯದೆ ಪುನಃ ಬರೆದರೆ ಒಂದೇ ಭಾಗ ಎರಡು ಸಲ ಮೂಡಬಹುದು, ಒಂದು ಭಾಗ ಬಿಟ್ಟುಹೋಗಲೂಬಹುದು.

ಇದಕ್ಕಿಂತ ಘೋರವಾದುದು ಇನ್ನೊಂದಿದೆ. ಬರೆಯುತ್ತಿರುವಾಗ ಡ್ರೈವಿಗೆ ರೀಸೆಟ್ ಆಯಿತೆನ್ನಿ. ಆಗ ಟೇಪು ಮೊದಲಿಗೆ ಸುತ್ತಿಕೊಂಡುಬಿಡಬಹುದು. ಡ್ರೈವರ್ ಇದನ್ನು ಮರೆಮಾಚಿ ಮುಂದಿನ ತುಣುಕನ್ನು ಕಳುಹಿಸಿದರೆ ಅದು ಟೇಪಿನ ಆರಂಭದಲ್ಲಿ ಬೀಳುತ್ತದೆ. ಬರಹ ನಿಂತೆಡೆಯಲ್ಲಿ ‘ಮಾಹಿತಿ ಇಲ್ಲಿಗೆ ಮುಗಿಯಿತು’ ಎಂಬ ಗುರುತು ಮೂಡುವುದರಿಂದ, ಅದರಾಚೆ ಉಳಿದ ನೂರಾರು ಮೀಟರ್ ಹಳೆಯ ಬರಹವು ಅಳಿಯದಿದ್ದರೂ ಸಾಮಾನ್ಯ ಓದಿಗೆ ಸಿಕ್ಕದು. ಲಿನಕ್ಸಿನ ಟೇಪು ಡ್ರೈವರ್ ರೀಸೆಟ್ಟನ್ನು ಕಂಡೊಡನೆ ಟೇಪಿನ ಸ್ಥಾನ ತಿಳಿಯದೆಂದು ಗುರುತಿಟ್ಟುಕೊಂಡು, ಸುತ್ತುವ ಅಥವಾ ಗೊತ್ತಾದ ಜಾಗಕ್ಕೆ ಒಯ್ಯುವ ಆಜ್ಞೆ ಬರುವವರೆಗೆ ಓದುಬರಹಗಳೆರಡನ್ನೂ ನಿರಾಕರಿಸುತ್ತದೆ. ನಡುರಾತ್ರಿ ಬ್ಯಾಕಪ್ ನಿಂತುಹೋದುದಕ್ಕೆ ಅದನ್ನು ಶಪಿಸುವವರುಂಟು. ನಾವು ಡ್ರೈವರಿನ ಪಕ್ಷ.

ತಪ್ಪಿನ ಸುದ್ದಿ ತಡವಾಗಿ ಬರುವುದು ಮತ್ತೊಂದು ತೊಡಕು. ಡ್ರೈವು ಮಾಹಿತಿಯನ್ನು ಮೊದಲು ತನ್ನ ತಾತ್ಕಾಲಿಕ ಸ್ಮೃತಿಗೆ ತುಂಬಿಕೊಂಡು ‘ಸರಿ’ ಎನ್ನುತ್ತದೆ. ಟೇಪಿಗೆ ಇಳಿಸುವುದು ಆಮೇಲೆ. ಆ ‘ಸರಿ’ ಅಂಚೆ ಕಚೇರಿಯ ರಸೀತಿಯಿದ್ದಂತೆ, ಪತ್ರ ಮುಟ್ಟಿತೆಂಬುದಕ್ಕೆ ಸಾಕ್ಷಿಯಲ್ಲ. ಸೆಕೆಂಡಿಗೆ 360 ಮೆಗಾಬೈಟ್ ವೇಗದಲ್ಲಿ ಒಂದು ಗಿಗಾಬೈಟ್ ಸ್ಮೃತಿಯೆಂದರೆ ಸುಮಾರು ಮೂರು ಸೆಕೆಂಡುಗಳ ಬರಹ. ಹೀಗಾಗಿ ಈಗ ಬಂದ ದೋಷದ ವರದಿ ಹಿಂದೆಂದೋ ಕಳುಹಿಸಿದ ತುಣುಕಿನದಾಗಿರಬಹುದು. ಡ್ರೈವರ್ ಅದನ್ನು ನುಂಗದೆ ಮುಂದಿನ ಆಜ್ಞೆಗೆ, ಅದೂ ಇಲ್ಲವಾದರೆ ಕಡತ ಮುಚ್ಚುವ ಆಜ್ಞೆಗಾದರೂ, ಉತ್ತರವಾಗಿ ಕಾರ್ಯಕ್ರಮಕ್ಕೆ ಒಪ್ಪಿಸಬೇಕು. ಕಡತದ ಕೊನೆಯ ಗುರುತನ್ನು ಬರೆಯಿಸಿ, ಅದು ಟೇಪಿನ ಮೇಲೆ ಮೂಡಿತೆಂಬ ಉತ್ತರ ಬಂದ ಬಳಿಕವೇ ಕಾರ್ಯಕ್ರಮವು ಮೂಲವನ್ನು ಅಳಿಸಲು ಬಿಡಬಹುದು. ದೋಷವೇ ಬಂದರೆ, ಹಾಗೆ ಖಚಿತವಾದ ಕೊನೆಯ ಗುರುತಿನ ತನಕ ಹಿಂದಿರುಗಿ, ಅಲ್ಲಿಂದ ಮುಂದಿನದನ್ನು ಬೇರೊಂದು ಟೇಪಿಗೆ ಬರೆಯುವುದು ಕ್ಷೇಮ.