ಸ್ಕ್ರಬ್ ಟೈಫಸ್: ತಾಯಿ ನುಸಿಯಿಂದ ಮರಿಗೆ

1. ರೋಗಕಾರಕ: ಓರಿಯೆನ್ಷಿಯಾ ಸುಟ್ಸುಗಾಮುಶಿ. ಇದು ಬ್ಯಾಕ್ಟೀರಿಯಾ, ಜೀವಕೋಶದೊಳಗೆ ಮಾತ್ರ ಬೆಳೆಯುತ್ತದೆ. 1995ರವರೆಗೆ ರಿಕೆಟ್ಸಿಯಾ ಕುಲದಲ್ಲಿತ್ತು.

2. ವಾಹಕ: ಟ್ರಾಂಬಿಕ್ಯುಲಿಡ್ ನುಸಿಯ ಲಾರ್ವಾ, ಅಂದರೆ ಚಿಗ್ಗರ್. ಸುಮಾರು 0.2 ಮಿ.ಮೀ., ಆರು ಕಾಲು. ಬೆಳೆದ ನುಸಿಗೆ ಎಂಟು ಕಾಲು. ಅದು ಮಣ್ಣಲ್ಲೇ ಬದುಕುತ್ತದೆ, ಮನುಷ್ಯರನ್ನು ಕಚ್ಚುವುದಿಲ್ಲ.

3. ಹರಡುವ ಬಗೆ (ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಇಲ್ಲಿಂದಲೇ):
• ತಾಯಿಯ ಅಂಡಾಶಯದಿಂದ ಮೊಟ್ಟೆಗೆ: ಅಂಡಾಶಯ ಮೂಲಕ ಪ್ರಸರಣ.
• ಲಾರ್ವಾ, ನಿಂಫ್, ಪ್ರೌಢ ಹಂತಗಳಲ್ಲಿ ಉಳಿಯುವುದು: ಹಂತಾಂತರ ಪ್ರಸರಣ.
• ಚಿಗ್ಗರ್ ಸಾಮಾನ್ಯವಾಗಿ ಒಮ್ಮೆ ಮಾತ್ರ ಪ್ರಾಣಿಯ ಮೇಲೆ ಉಣ್ಣುತ್ತದೆ. ಹಾಗಾಗಿ ಸೋಂಕು ವಂಶದಲ್ಲೇ ಇಳಿದು ಬರಬೇಕು.
• ನುಸಿಯೇ ವಾಹಕ, ನುಸಿಯೇ ರೋಗಾಣುವಿನ ಆಶ್ರಯ. ಇಲಿ ಎಂದು ಗುರುತು ಹಾಕಿ ಅಂಕ ಕಳೆದುಕೊಳ್ಳಬೇಡಿ. ಇಲಿ ನುಸಿಗೆ ಅನ್ನದಾತ.

4. ಗುರುತು: ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ (ಎಸ್ಕಾರ್), ಕಂಕುಳು, ತೊಡೆಸಂದಿಯಲ್ಲಿ ಹುಡುಕಬೇಕು. ವೀಲ್-ಫೆಲಿಕ್ಸ್ ರಕ್ತಪರೀಕ್ಷೆ: ಓಎಕ್ಸ್-ಕೆ. ಔಷಧ: ಡಾಕ್ಸಿಸೈಕ್ಲಿನ್. ಲಸಿಕೆ ಇಲ್ಲ.

5. ಗೊಂದಲ:
• ಸಾಂಕ್ರಾಮಿಕ ಟೈಫಸ್: ಹೇನು. ಮ್ಯೂರಿನ್ ಟೈಫಸ್: ಇಲಿ ಚಿಗಟ.
• ಟೈಫಾಯ್ಡ್ ಬೇರೆಯೇ: ಸಾಲ್ಮೊನೆಲ್ಲಾ.
• ಮಂಗನ ಕಾಯಿಲೆ: ವೈರಸ್, ಉಣ್ಣೆ; ಮೊದಲು ಕಂಡದ್ದು 1957, ಶಿವಮೊಗ್ಗದ ಕ್ಯಾಸನೂರು.

6. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ: ‘ಸ್ಕ್ರಬ್’ ಎಂದರೆ ನಿಮ್ಮ ಕುರಿ ಮೇಯುವ ಕುರುಚಲೇ. ಬದುವಿನ ಹುಲ್ಲಲ್ಲಿ ಬರಿಗಾಲಲ್ಲಿ ಕೂತೆದ್ದವರು ಜ್ವರ ಬಂದರೆ ವೈದ್ಯರಿಗೆ ಆ ಮಾತು ಹೇಳಬೇಕು. ಲಕ್ಷಣ ಸಾಮಾನ್ಯವಾಗಿ ಚಿಗ್ಗರ್ ಕಚ್ಚಿದ 6ರಿಂದ 21 ದಿನದೊಳಗೆ.