ಪಿಯುಸಿ ಆಯ್ತು, ಒಂದು ವರ್ಷ ಗ್ಯಾಪ್: ನೆಂಟರ ಮನೆಯಲ್ಲಿದ್ದು ಸೇವೆಗೆ ಹೊರಡುವವರಿಗೆ

ಓದಲು ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ಉಳಿಯುವುದು ನಮ್ಮಲ್ಲಿ ವಾರಾನ್ನದ ಕಾಲದಿಂದಲೂ ಇದ್ದದ್ದೇ. ಓದಿಗೆ ಒಂದು ವರ್ಷ ಬಿಡುವು ಕೊಟ್ಟು ಬಂದು ಉಳಿಯುತ್ತೇನೆ ಅಂದರೆ ಮಾತ್ರ ‘ಯಾಕೆ, ಸೀಟು ಸಿಗಲಿಲ್ವಾ?’ ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತದೆ. ಅದಕ್ಕೆ ಬಾಯಲ್ಲಿ ಉತ್ತರ ಕೊಟ್ಟು ಪ್ರಯೋಜನವಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಹೊರಡಲು ಒಂದು ಜಾಗ ಇದ್ದರೆ ಸ್ವಲ್ಪ ದಿನದಲ್ಲಿ ಕೇಳುವವರೇ ಸುಮ್ಮನಾಗುತ್ತಾರೆ.

ಇದು ದಂಡು ಪ್ರದೇಶ ಮತ್ತು ಅದರ ಪೂರ್ವದ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದಲ್ಲಿ ಚಿಕ್ಕಪ್ಪನೋ ಸೋದರಮಾವನೋ ಇದ್ದು, ಹಾಸನ, ತುಮಕೂರು, ಕೋಲಾರದ ಕಡೆಯಿಂದ ಹೊರಟಿರುವವರಿಗಾಗಿ ಬರೆದದ್ದು. ಸೇವೆಗೆ ಮನೆಯ ಹತ್ತಿರದ ಒಂದೇ ಜಾಗ ಹಿಡಿಯಿರಿ, ವಾರಕ್ಕೆ ಎರಡು ಮೂರು ದಿನ ತಪ್ಪದೆ ಹೋಗಿ. ನಿಮ್ಮಲ್ಲಿರುವ ಕನ್ನಡವನ್ನೇ ಬಂಡವಾಳ ಮಾಡಿಕೊಳ್ಳಿ. ಉಳಿದದ್ದು ಇದರ ವಿವರ.

ಮೊದಲು ಮುಂದಿನ ವರ್ಷದ ದಾರಿ

ಬಸ್ ಹತ್ತುವ ಮೊದಲು ಮುಂದಿನ ವರ್ಷ ಯಾವ ಪರೀಕ್ಷೆ, ಯಾವ ಕೋರ್ಸ್ ಎಂಬುದನ್ನು ಮನೆಯವರ ಜತೆ ಕೂತು ಬರೆದಿಡಿ. ಸಿಇಟಿ ರ‍್ಯಾಂಕ್ ಆಯಾ ವರ್ಷಕ್ಕೆ ಮಾತ್ರ, ಮತ್ತೆ ಬರೆಯಲೇಬೇಕು. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಿಯುಸಿ ಅಂಕಕ್ಕೆ, ಅರ್ಧ ಸಿಇಟಿಗೆ. ಜೆಇಇ ಮೇನ್‌ಗೆ ಪಿಯುಸಿ ಪಾಸಾದ ವರ್ಷವೂ ಸೇರಿ ಮೂರು ವರ್ಷದ ಅವಕಾಶ. ಅಡ್ವಾನ್ಸ್‌ಡ್ ಮಾತ್ರ ಸತತ ಎರಡು ವರ್ಷದಲ್ಲಿ ಎರಡೇ ಸಲ. ಅದರ ಮೇಲೆ ಕಣ್ಣಿಟ್ಟವರಿಗೆ ಈ ವರ್ಷ ಪೂರ್ತಿ ಬಿಡುವಲ್ಲ, ಸೇವೆ ವಾರಕ್ಕೆ ಒಂದು ದಿನ ಸಾಕು. ಮಾರ್ಕ್ಸ್ ಕಾರ್ಡ್, ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೂಲ ಪ್ರತಿಗಳು ಊರಿನ ಬೀರುವಿನಲ್ಲೇ ಇರಲಿ, ಜೆರಾಕ್ಸ್ ನಿಮ್ಮ ಜತೆ ಬರಲಿ. ಸೇರುವಾಗ ಕೆಲವು ಕಾಲೇಜುಗಳು ‘ನಡುವಿನ ವರ್ಷ ಏನು ಮಾಡಿದಿರಿ’ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಕೇಳುತ್ತವೆ. ಅದು ನೋಟರಿ ಹತ್ತಿರ ಮುಗಿಯುವ ಕೆಲಸ, ಹೆದರಬೇಕಾಗಿಲ್ಲ.

ಮನೆಯವರ ಜತೆ ಮಾತು

ವರ್ಷ ಕೆಡುವುದಿದ್ದರೆ ಸಾಮಾನ್ಯವಾಗಿ ಕೆಡುವುದು ಇಲ್ಲಿ. ಅಪ್ಪ ಫೋನ್ ಮಾಡಿ ‘ಹುಡುಗ ಬರ್ತಾನೆ, ನೋಡ್ಕೊಳ್ಳಿ’ ಅನ್ನುತ್ತಾರೆ, ಚಿಕ್ಕಪ್ಪ ‘ಕಳಿಸಿ ಅಣ್ಣ’ ಅನ್ನುತ್ತಾರೆ. ಅಡುಗೆ ಮಾಡಬೇಕಾದ ಚಿಕ್ಕಮ್ಮನನ್ನು ಯಾರೂ ಕೇಳಿರುವುದಿಲ್ಲ. ನೀವು ಕೇಳಿ. ಮೊದಲ ಮೂರು ತಿಂಗಳು ನೋಡೋಣ, ಕಷ್ಟವಾದರೆ ಹೇಳಿಬಿಡಿ, ನಾನು ಪಿ.ಜಿ. ನೋಡಿಕೊಳ್ಳುತ್ತೇನೆ ಎಂದು ನೀವೇ ಬಾಯಿಬಿಟ್ಟು ಹೇಳಿ. ಹಾಗೆ ಹೇಳಿದವರನ್ನು ಕಳಿಸುವ ಮನಸ್ಸು ಬರುವುದು ಕಡಿಮೆ.

ದುಡ್ಡು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ‘ನಮ್ಮ ಮಗು ಉಂಡರೆ ಎಷ್ಟಾದೀತು’ ಅನ್ನುತ್ತಾರೆ, ಆದರೆ ಖರ್ಚಂತೂ ಆಗಿಯೇ ಆಗುತ್ತದೆ. ಊರಿನಿಂದ ಅಕ್ಕಿ, ರಾಗಿ, ತೆಂಗಿನಕಾಯಿ ಬರಲಿ. ಹಾಲಿನ ಲೆಕ್ಕವನ್ನೋ ಕರೆಂಟ್ ಬಿಲ್ಲನ್ನೋ ನೀವು ವಹಿಸಿಕೊಳ್ಳಿ. ಕರೆಂಟ್ ಎಂದದ್ದಕ್ಕೆ ಕಾರಣವಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಪ್ರತಿ ಮನೆಗೂ ಅದರದೇ ಹಳೆಯ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿದೆ. ಇನ್ನೊಬ್ಬರ ಗೀಸರ್, ಫ್ಯಾನ್ ಸೇರಿ ಮಿತಿ ದಾಟಿದರೆ ಹೆಚ್ಚುವರಿಗೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್. ಸೊನ್ನೆ ಬರುತ್ತಿದ್ದ ಬಿಲ್ ದಿಢೀರನೆ ಏರಿದರೆ ಯಾರ ಮುಖ ನೋಡುತ್ತಾರೆ ಹೇಳಿ! ಕೆ.ಆರ್. ಪುರ, ಮಹದೇವಪುರದ ಕಡೆ ಟ್ಯಾಂಕರ್ ನೀರು ನಂಬಿದ ಬಡಾವಣೆಗಳಿವೆ. 2024ರ ಬೇಸಿಗೆಯ ನೀರಿನ ಬರ ಕಂಡ ಮನೆಯಲ್ಲಿ ಸ್ನಾನಕ್ಕೆ ಒಂದೇ ಬಕೆಟ್ ಎಂಬುದು ಹೇಳದೆಯೇ ತಿಳಿಯಬೇಕು.

ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸ ಹೇಗೂ ನಿಮ್ಮ ಪಾಲಿಗೆ ಬರುತ್ತದೆ. ದಿನಕ್ಕೊಂದು ಗಂಟೆ ಎಂದು ನೀವೇ ಗೊತ್ತು ಮಾಡಿ. ಇಲ್ಲವಾದರೆ ಶಾಲೆಗೆ ಬಿಡುವುದು, ಗ್ಯಾಸ್ ತರುವುದು, ಬ್ಯಾಂಕಿಗೆ ಓಡುವುದು ಎಲ್ಲ ಸೇರಿ ಸೇವೆಯೆಲ್ಲ ಮನೆಯೊಳಗೇ ಮುಗಿದೀತು. ಹೆಣ್ಣುಮಕ್ಕಳಾದರೆ ಸಂಜೆ ಎಷ್ಟು ಹೊತ್ತಿಗೆ ಹಿಂದಿರುಗಬೇಕು, ತಡವಾದರೆ ಯಾರಿಗೆ ಫೋನ್ ಎಂಬುದು ಮೊದಲ ದಿನವೇ ತೀರ್ಮಾನವಾಗಲಿ. ದಸರೆಗೂ ದೀಪಾವಳಿಗೂ ಊರಿಗೆ ಹೋಗಿ ಕೆಲವು ದಿನ ಇದ್ದು ಬನ್ನಿ. ಅವರಿಗೂ ಅವರ ಮನೆ ಅವರದಾಗಿ ಸಿಗಬೇಕು.

ಒಂದೇ ಬಸ್ಸಿನ ದೂರ

ಎರಡು ಬಸ್ ಬದಲಿಸುವ ಜಾಗ ಎಷ್ಟೇ ಹೆಸರುವಾಸಿಯಾಗಿದ್ದರೂ ಬೇಡ. ಟಿನ್ ಫ್ಯಾಕ್ಟರಿಯ ಟ್ರಾಫಿಕ್‌ನಲ್ಲಿ ಒಂದು ವಾರ ನಿಂತವರ ಉತ್ಸಾಹ ಉಳಿಯುವುದಿಲ್ಲ. ಎಂ.ಜಿ. ರಸ್ತೆಯಿಂದ ಟ್ರಿನಿಟಿ, ಹಲಸೂರು, ಇಂದಿರಾನಗರ ದಾಟಿ ಬೈಯಪ್ಪನಹಳ್ಳಿವರೆಗೆ ಮೆಟ್ರೊ 2011ರಿಂದಲೇ ಇದೆ. 2023ರ ಅಕ್ಟೋಬರ್‌ನಿಂದ ಕೆ.ಆರ್. ಪುರಕ್ಕೂ ನೇರ ರೈಲು. ಶಿವಾಜಿನಗರ ಈ ಮಾರ್ಗದಲ್ಲಿಲ್ಲ, ಆದರೆ ಅಲ್ಲಿನ ಬಸ್ ನಿಲ್ದಾಣದಿಂದ ಪೂರ್ವದ ಎಲ್ಲ ಕಡೆಗೂ ಬಸ್ ಉಂಟು. ಕಾಲೇಜಿಗೆ ಸೇರಿಲ್ಲದ ಕಾರಣ ಬಿಎಂಟಿಸಿಯ ವಿದ್ಯಾರ್ಥಿ ಪಾಸ್ ನಿಮಗಿಲ್ಲ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯಿದೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜತೆಗಿರಲಿ, ಎ.ಸಿ. ಬಸ್ ಹತ್ತಬೇಡಿ.

ಮೊದಲ ವಾರಕ್ಕೆ ಹಲಸೂರು ಕೆರೆ ಪಕ್ಕದ ಗುರುದ್ವಾರ ಒಳ್ಳೆಯದು. ಅಲ್ಲಿನ ಉಚಿತ ಊಟದ ಲಂಗರ್‌ನಲ್ಲಿ ತರಕಾರಿ ಹೆಚ್ಚಲು, ತಟ್ಟೆ ತೊಳೆಯಲು ಯಾರೂ ಬಯೋಡೇಟಾ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡರಾಯಿತು. ಕೈ ಕೆಲಸಕ್ಕೆ ಬಗ್ಗುತ್ತದೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅದೇ ಕೆರೆಯ ಹತ್ತಿರ ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ ರಾಜ್ಯ ಪೌರರಕ್ಷಣಾ ಇಲಾಖೆಯ ಕಚೇರಿಯಿದೆ. ಹದಿನೆಂಟು ತುಂಬಿದವರು ಸ್ವಯಂಸೇವಕರಾಗಿ ಹೆಸರು ನೋಂದಾಯಿಸಿ ಪ್ರಥಮ ಚಿಕಿತ್ಸೆ, ರಕ್ಷಣಾ ಕೆಲಸದ ತರಬೇತಿ ಪಡೆಯಬಹುದು. ಬೇರೆ ಎಲ್ಲಿಗೆ ಹೋದರೂ ಈ ತರಬೇತಿ ಕೈ ಹಿಡಿಯುತ್ತದೆ.

ಅಂಗವಿಕಲರ ಜತೆ ಕೆಲಸ ಮಾಡುವ ಮನಸ್ಸಿದ್ದರೆ ಲಿಂಗರಾಜಪುರದಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಇದೆ, ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಇಲ್ಲೆಲ್ಲ ತರಬೇತಾದ ಸಿಬ್ಬಂದಿ ಇರುತ್ತಾರೆ. ಮೊದಲು ಅವರು ಹೇಳಿದ್ದನ್ನು ಮಾಡಿ, ಫೈಲ್ ಜೋಡಿಸು ಎಂದರೂ ಸರಿ. ಮಾರತ್ತಹಳ್ಳಿ ದಾಟಿ ಹೋದರೆ ಕರುಣಾಶ್ರಯ, ಕ್ಯಾನ್ಸರ್ ಕೊನೆಯ ಹಂತದವರಿಗೆ ಉಚಿತ ಆರೈಕೆ ನೀಡುವ ಜಾಗ. ಹದಿನೆಂಟರ ವಯಸ್ಸಿನಲ್ಲಿ ಬಂದ ಮೊದಲ ತಿಂಗಳೇ ಅಲ್ಲಿಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ರಕ್ತ ಕೊಡುವುದಾದರೆ ನ್ಯೂ ತಿಪ್ಪಸಂದ್ರದಲ್ಲಿ ರೋಟರಿ ಟಿಟಿಕೆ ರಕ್ತ ಕೇಂದ್ರವಿದೆ. ವಯಸ್ಸು 18, ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಇನ್ನು ಕನ್ನಡದ ವಿಷಯ. ಹಲಸೂರಿನ ಬೀದಿಯಲ್ಲಿ ತಮಿಳು, ಶಿವಾಜಿನಗರದಲ್ಲಿ ದಖ್ಖನಿ, ಕೆ.ಆರ್. ಪುರದ ಕಡೆ ತೆಲುಗು, ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಹಿಂದಿ ಮತ್ತು ಬಂಗಾಳಿ. ಇವರಲ್ಲಿ ಬಹಳ ಜನ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ರೇಷನ್ ಕಾರ್ಡಿನ ತಿದ್ದುಪಡಿ, ಪಿಂಚಣಿ ಅರ್ಜಿ, ಶಾಲೆಯಿಂದ ಬಂದ ನೋಟಿಸು ಎಲ್ಲ ಕನ್ನಡದಲ್ಲಿ. ಐಟಿ ಕಂಪನಿಗಳಿಂದ ಶನಿವಾರ ಬರುವ ವಾಲಂಟಿಯರ್‌ಗಳು ಲ್ಯಾಪ್‌ಟಾಪ್ ಕಲಿಸಿಯಾರು, ಇವನ್ನು ಓದಿ ಬರೆದುಕೊಡಲಾರರು. ಊರಿನ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಸಲೀಸು. ಇಲ್ಲವೇ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಮೂರು ನಾಲ್ಕನೇ ತರಗತಿಯ ಮಕ್ಕಳಿಗೆ ಓದಿಸಲು ವಾರಕ್ಕೆ ಎರಡು ಗಂಟೆ ಕೊಡಿ ಎಂದು ಲಿಖಿತವಾಗಿ ಕೇಳಿ. ಒತ್ತಕ್ಷರದಲ್ಲಿ ಎಡವುವ ಮಗುವಿನ ಪಕ್ಕ ಕೂತು ಓದಿಸುವವರು ಎಲ್ಲ ಶಾಲೆಗೂ ಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಒಂದು ಮಾತು ತಿಳಿಸಿರಿ.

ಪರೀಕ್ಷೆ ಬರೆದುಕೊಡುವ ಸ್ಕ್ರೈಬ್ ಕೆಲಸವೂ ಹೀಗೆಯೇ. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಕಡಿಮೆ ಇರಬೇಕು. ಅಂದರೆ ದೃಷ್ಟಿದೋಷವಿರುವ ಪದವಿ ವಿದ್ಯಾರ್ಥಿಗೆ ಪಿಯುಸಿ ಮುಗಿಸಿದವರು ಸಾಮಾನ್ಯವಾಗಿ ಸರಿಹೊಂದುತ್ತಾರೆ. ಕನ್ನಡದಲ್ಲಿ ವೇಗವಾಗಿ, ತಪ್ಪಿಲ್ಲದೆ ಬರೆಯುವವರು ನಗರದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಒಪ್ಪಿಕೊಂಡ ಮೇಲೆ ಮಾತ್ರ ತಪ್ಪಿಸುವಂತಿಲ್ಲ. ನೀವು ಬಾರದಿದ್ದರೆ ಅವರ ವರ್ಷ ಹೋಗುತ್ತದೆ.

ಕಾಗದ ಪತ್ರ, ಎಚ್ಚರ

ಮಕ್ಕಳಿರುವ ಕಡೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳುತ್ತಾರೆ, ಕೇಳದಿದ್ದರೆ ಆ ಸಂಸ್ಥೆಯ ಬಗ್ಗೆಯೇ ಯೋಚಿಸಿ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಸೇವೆ ಮಾಡಲು ನಿಮ್ಮಿಂದಲೇ ಶುಲ್ಕ ಕೇಳಿದರೆ ಎದ್ದು ಬನ್ನಿ. ಮಕ್ಕಳ ಫೋಟೊ ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಗಂಟೆ, ಮಾಡಿದ ಕೆಲಸ ಬರೆದು ತಿಂಗಳಿಗೊಮ್ಮೆ ಸಂಸ್ಥೆಯವರ ಸಹಿ, ಸೀಲು ಹಾಕಿಸಿ. ವರ್ಷದ ಕೊನೆಗೆ ಪ್ರಮಾಣಪತ್ರ ಕೇಳುವಾಗ ಅದು ಆಧಾರ. ಎನ್ನೆಸ್ಸೆಸ್ ಪ್ರಮಾಣಪತ್ರ ಕಾಲೇಜಿನಲ್ಲಿರುವವರಿಗೆ. ನಿಮಗೆ 15ರಿಂದ 29 ವರ್ಷದವರಿಗಾಗಿರುವ ಕೇಂದ್ರ ಸರ್ಕಾರದ ‘ಮೈ ಭಾರತ್’ ಪೋರ್ಟಲ್ ಇದೆ.

ಯಾವ ತಿಂಗಳು ಏನು

ಜೂನ್, ಜುಲೈ ಜಾಗ ಹುಡುಕಲು ಹೋಗುತ್ತದೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬ; ಆ ದಿನಗಳಲ್ಲಿ, ಮುಖ್ಯವಾಗಿ ಕೊನೆಯ ದಿನ, ಬಸ್ಸಿನ ಭರವಸೆ ಇಟ್ಟುಕೊಳ್ಳಬೇಡಿ. ಅಕ್ಟೋಬರ್‌ನಿಂದ ಜನವರಿವರೆಗೆ ಕೆಲಸ ಚೆನ್ನಾಗಿ ಸಾಗುವ ಕಾಲ. ಸಿಇಟಿ ಅರ್ಜಿ ಕರೆದ ದಿನವೇ ಹಾಕಿ, ಫೆಬ್ರವರಿಯಿಂದ ಗಂಟೆ ಕಡಿಮೆ ಮಾಡಿ ಪುಸ್ತಕ ಹಿಡಿಯಿರಿ. ಬಿಡುವುದಕ್ಕೆ ಒಂದು ತಿಂಗಳು ಮುಂಚೆ ಸಂಸ್ಥೆಗೆ ತಿಳಿಸಿ, ಶಾಲೆಯಲ್ಲಿದ್ದರೆ ಯಾವ ಮಗು ಯಾವ ಪಾಠದಲ್ಲಿದೆ ಎಂದು ಬರೆದ ಪಟ್ಟಿಯನ್ನು ಶಿಕ್ಷಕರ ಕೈಗೆ ಕೊಟ್ಟು ಬನ್ನಿ.