ಬೋರ್ಡ್ ಅಲ್ಲ, ನೋಂದಣಿ ನೋಡಿ
ದಾವಣಗೆರೆಯ ತಾಯಿಯೊಬ್ಬರಿಗೆ ಪಿಯುಸಿ ಓದುವ ಮಗಳ ಚಿಂತೆ. ಪರೀಕ್ಷೆ ಹತ್ತಿರ ಬಂತೆಂದರೆ ಹುಡುಗಿಯ ಕೈ ನಡುಗುತ್ತದೆ, ಊಟ ಸೇರುವುದಿಲ್ಲ. ಖಾಸಗಿ ಕ್ಲಿನಿಕ್‌ಗಳ ಬೋರ್ಡ್ ಮೇಲೆ ‘ಕೌನ್ಸೆಲರ್’, ‘ಥೆರಪಿಸ್ಟ್’, ‘ಸೈಕಾಲಜಿಸ್ಟ್’ ಎಂದೆಲ್ಲ ಇದೆ. ಯಾರ ಬಳಿ ಹೋಗುವುದು ಎಂಬುದು ಅವರ ಪ್ರಶ್ನೆ.

ಬೋರ್ಡ್ ಬಿಟ್ಟು ನೋಂದಣಿ ನೋಡಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆಯ ನಿಯಮವಿದು. ಫೋನ್ ಮಾಡಿದಾಗಲೇ ‘ನಿಮ್ಮ ಆರ್‌ಸಿಐ ನಂಬರ್ ಹೇಳ್ತೀರಾ ಮೇಡಂ?’ ಎಂದು ಕೇಳಲು ಸಂಕೋಚ ಬೇಡ. ಇವರಲ್ಲಿ ಬಹುತೇಕರು ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂ.ಫಿಲ್. ಮಾಡಿ, ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಪಳಗಿದವರು.

ಆದರೆ ಇವರು ಮಾತ್ರೆ ಬರೆಯುವುದಿಲ್ಲ, ಅದು ಮನೋವೈದ್ಯರ ಕೆಲಸ. ಮಗಳು ಸಾಯುವ ಮಾತಾಡಿದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು.

ಶುಲ್ಕವೆಷ್ಟು, ಒಂದು ಭೇಟಿ ಎಷ್ಟು ಹೊತ್ತು, ಮಾತುಕತೆ ಕನ್ನಡದಲ್ಲಿ ನಡೆಯುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಲಿ. ‘ಹದಿನೈದೇ ದಿನದಲ್ಲಿ ಗುಣ, ಗ್ಯಾರಂಟಿ’ ಎನ್ನುವವರ ಕಡೆ ಸುಳಿಯದಿರುವುದೇ ಲೇಸು.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಲಭ್ಯ.